ಇನ್ನೂರೈವತ್ತು ಪದಗಳಲ್ಲಿ ಒಂದು ಸವಳು ಹೊಲ

ಚರ್ಚಾಸ್ಪರ್ಧೆಗಳಲ್ಲಿ ನಾವು ವಿಷಯದ ಪರ ನಿಲ್ಲಬೇಕೋ ವಿರೋಧ ನಿಲ್ಲಬೇಕೋ ಎಂಬುದನ್ನು ಚೀಟಿ ಎತ್ತಿಸಿ ತೀರ್ಮಾನಿಸುತ್ತಿದ್ದರು. ಗೋಕಾಕದಲ್ಲಿ ಓದುವಾಗ ನಾನು ಎತ್ತಿದ ಚೀಟಿ ಬಹುತೇಕ ನನಗೆ ಒಪ್ಪಿಗೆಯಿಲ್ಲದ ಕಡೆಗೇ ಬೀಳುತ್ತಿತ್ತು. ಆದರೂ ಗೆದ್ದು ಬರುತ್ತಿದ್ದೆ. ಟಿ.ವಿ. ಬಂದು ಹಳ್ಳಿ ಕೆಟ್ಟಿತೆಂದು ಗಂಟಲು ಹರಿಯುವಂತೆ ವಾದಿಸಿ, ಗೆದ್ದ ಢಾಲು ಹಿಡಿದುಕೊಂಡು ಮನೆಗೆ ಬಂದ ಸಂಜೆ ಟಿ.ವಿ. ಮುಂದೆಯೇ ತಾಟು ಇಟ್ಟುಕೊಂಡು ಉಂಡಿದ್ದೇನೆ. ಅದರಲ್ಲಿ ನನಗೇನೂ ವಿಚಿತ್ರ ಕಾಣುತ್ತಿರಲಿಲ್ಲ. ಚರ್ಚೆ ಕಲಿಸಿದ ರಸಾಯನಶಾಸ್ತ್ರದ ಸರ್ ಮೊದಲ ದಿನವೇ ಹೇಳಿದ್ದರು: “ನಿನಗ ಏನ ಅನಸ್ತೈತಿ ಅನ್ನೋದನ್ನ ಮನ್ಯಾಗ ಬಿಟ್ಟ ಬಾರವಾ. ಇಲ್ಲಿ ಅದನ್ನ ಯಾರೂ ಕೇಳಿಲ್ಲ.”

ಹೀಗೆ ಪಳಗಿದವಳಿಗೆ ತನ್ನದೇ ಅನ್ನುವ ಒಂದು ಮಾತು ಸಿಕ್ಕರೆ ಅದನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯುವುದಿಲ್ಲ. ನನಗದು ಸಿಕ್ಕಿದ್ದು ಎಂ.ಎಸ್ಸಿ. ಮುಗಿಸಿ, ಮೂಡಲಗಿ ಕಡೆಯ ಒಂದು ಹೊಸ ಕಾಲೇಜಿನಲ್ಲಿ ಟೆಂಪರರಿ ಲೆಕ್ಚರರ್ ಆಗಿ ಸೇರಿದ ಮರುವರ್ಷ. ಅದೇ ಸರ್ ಗೋಕಾಕ ಬಿಟ್ಟು ಅಲ್ಲಿ ವಿಭಾಗದ ಮುಖ್ಯಸ್ಥರಾಗಿದ್ದರು; ನನ್ನನ್ನು ಕರೆಸಿಕೊಂಡವರೂ ಅವರೇ. ಪ್ರತಿ ಜೂನ್ ತಿಂಗಳಲ್ಲಿ ನಾನು ಮುಂದುವರಿಯಬೇಕೋ ಬೇಡವೋ ಎಂದು ಬರೆದು ಕೊಡುವವರು ಅವರು, ಅದಕ್ಕೆ ಸಹಿ ಹಾಕುವವರು ಆಡಳಿತ ಮಂಡಳಿಯ ಚೇರಮನ್ನರು.

ನನ್ನ ಮಾತು ಹುಟ್ಟಿದ್ದು ಆ ಚೇರಮನ್ನರ ಹೊಲದಲ್ಲೇ. ನಾಗನೂರ ಕಡೆ ಕೆನಾಲಿಗೆ ತಾಗಿಕೊಂಡು ಅವರ ಕಬ್ಬು ಇತ್ತು. ಬಸ್ಸಿನ ಕಿಟಕಿಯಿಂದ ನೋಡಿದರೆ ಕಪ್ಪು ಎರಿ ಮಣ್ಣಿನ ಮೇಲೆ ಅಲ್ಲಲ್ಲಿ ಸುಣ್ಣ ಚೆಲ್ಲಿದ ಹಾಗೆ ಬಿಳಿ ಪದರು ಕಾಣುತ್ತಿತ್ತು. ನಮ್ಮ ಕಡೆ ಅದಕ್ಕೆ ಸವಳು ಅನ್ನುತ್ತಾರೆ. ಸವಳಾದ ಜಾಗದಲ್ಲಿ ಕಬ್ಬು ಮೊಳಕಾಲೆತ್ತರಕ್ಕೆ ನಿಂತು ಹಳದಿಯಾಗುತ್ತದೆ. ಯಾಕೆ ಹೀಗೆ ಎಂದು ಕೇಳಿದರೆ ಒಬ್ಬರು ಗೊಬ್ಬರ ಕೆಟ್ಟದ್ದೆನ್ನುವರು, ಇನ್ನೊಬ್ಬರು ಬೀಜ, ಮತ್ತೊಬ್ಬರು ಆ ಹೊಲದ ಹಣೆಬರಹ. ಹಣೆಬರಹ ಅಂದ ಕೂಡಲೇ ನನಗೆ ರೇಗುತ್ತಿತ್ತು. ಚೇರಮನ್ನರ ಒಪ್ಪಿಗೆ ಕೇಳಿ, ರಜೆಯ ದಿನಗಳಲ್ಲಿ ಕೆನಾಲಿನ ಅಂಚಿನಿಂದ ದೂರದ ಬದುವಿನವರೆಗೆ ನಡೆದು, ಬೇರೆ ಬೇರೆ ಆಳದ ಮಣ್ಣನ್ನು ಚೀಲಗಳಲ್ಲಿ ತುಂಬಿ ತಂದು ಲ್ಯಾಬಿನಲ್ಲಿ ಉಪ್ಪಿನಂಶ ಅಳೆದೆ. ಹೊಲದ ಯಾವ ಪಟ್ಟಿಗೆ ಎಷ್ಟು ನೀರು ಹಾಯುತ್ತದೆಂದು ನೀರು ಕಟ್ಟುವವರನ್ನು ಕೇಳಿ ಬರೆದುಕೊಂಡೆ. ಎಲ್ಲವನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗ ಸಿಕ್ಕ ಮಾತು ಇಷ್ಟೇ: ನೀರು ಹೆಚ್ಚು ನಿಂತಲ್ಲೇ ಮಣ್ಣು ಹೆಚ್ಚು ಕೆಟ್ಟಿದೆ, ಈ ಹೊಲ ನೀರಿಲ್ಲದೆ ಹಾಳಾಗುತ್ತಿಲ್ಲ, ನೀರಿನಿಂದಲೇ ಹಾಳಾಗುತ್ತಿದೆ.

ಯಾರೂ ಚೀಟಿ ಎತ್ತಿಸದೆ ನನ್ನ ಕೈಗೆ ಬಂದ ಮೊದಲ ಮಾತು ಅದು. ಪುಣೆಯಲ್ಲಿ ಮಣ್ಣು ಮತ್ತು ನೀರಿನ ಬಗ್ಗೆ ದೊಡ್ಡ ಸಮ್ಮೇಳನವೊಂದು ನಡೆಯಲಿದೆಯೆಂದು ಗೊತ್ತಾದಾಗ ನನಗಿದ್ದದ್ದು ಒಂದೇ ಆಸೆ. ಅಲ್ಲಿ ಎದ್ದು ನಿಂತು ಇದನ್ನು ಹೇಳಬೇಕು. ಯಾರಾದರೂ ತಪ್ಪೆಂದರೆ ಉತ್ತರ ಕೊಡಬೇಕು. ಒಂದು ಸಲವಾದರೂ ನಾನು ನಂಬಿದ್ದರ ಪರವಾಗಿ ವಾದಿಸಬೇಕು.

ಸರ್‌ಗೆ ಸಮ್ಮೇಳನವೆಂದರೆ ರಜಿಸ್ಟರ್ಡ್ ಪೋಸ್ಟು. ಸಾರಾಂಶವನ್ನು ಬಿಳಿ ಹಾಳೆಯಲ್ಲಿ ಟೈಪು ಮಾಡಿಸಿ, ಕೆಳಗೆ ಸಹಿ ಹಾಕಿ, ಕಾಲೇಜಿನ ಶಿಕ್ಕಾ ಒತ್ತಿ, ಅಂಟು ಹಚ್ಚಿ ಕಳಿಸಿದರೆ ಅರ್ಧ ಸಮ್ಮೇಳನ ಮುಗಿದಂತೆ. ಈ ಸಲದ ಸುತ್ತೋಲೆಯಲ್ಲಿ ಮಾತ್ರ, ಅಂಚೆಯಲ್ಲಿ ಬಂದದ್ದನ್ನು ನೋಡುವುದೇ ಇಲ್ಲ, ಎಲ್ಲವನ್ನೂ ವೆಬ್‌ಸೈಟಿನಲ್ಲೇ ತುಂಬಿ ಕಳಿಸಬೇಕು ಎಂದಿತ್ತು. ಸರ್ ಕನ್ನಡಕವನ್ನು ಹಣೆಗೇರಿಸಿ ಅದನ್ನು ಎರಡು ಸಲ ಓದಿದರು.

“ಸಹಿ ಎಲ್ಲಿ ಮಾಡೋದವಾ?”

“ಸಹಿ ಬೇಕಿಲ್ರಿ ಸರ್.”

“ಸಹಿ ಇಲ್ಲಂದ್ರ ನಾವs ಬರದೇವಿ ಅಂತ ಅವರಿಗೆ ಹೆಂಗ ಗೊತ್ತಾಗಬೇಕ?”

“ಸಹಿ ಇದ್ರೂ ಗೊತ್ತಾಗಂಗಿಲ್ಲಲ್ರಿ. ಯಾರೋ ಬರದದ್ದಕ್ಕ ಯಾರೂ ಸಹಿ ಮಾಡಬಹುದು.”

“ನೀ ಮತ್ತ ವಾದ ಶುರು ಮಾಡಬ್ಯಾಡ. ಕರಡ ತೋರಸ.”

ಕೊಟ್ಟೆ. ಸಾರಾಂಶದ ಮೈಗೆ ಹೋಗದೆ ಅವರ ಕಣ್ಣು ನೆತ್ತಿಯಲ್ಲೇ ನಿಂತಿತು. ಅಲ್ಲಿ ಎರಡೇ ಹೆಸರಿದ್ದವು: ಮೊದಲು ನನ್ನದು, ಆಮೇಲೆ ಅವರದು. ಖರೆ ಹೇಳಬೇಕೆಂದರೆ ಅವರ ಹೆಸರನ್ನೂ ನಾನು ಮರ್ಯಾದೆಗೆಂದೇ ಹಾಕಿದ್ದೆ. ಅವರು ಆ ಹೊಲವನ್ನು ಬಸ್ಸಿನಿಂದ ಮಾತ್ರ ನೋಡಿದ್ದರು.

“ಇದೇನ, ಇಬ್ಬರs?”

“ಕೆಲಸ ಮಾಡಿದವ್ರು ಅಷ್ಟs ಅಲ್ರಿ.”

“ಹೊಲ ಯಾರದು? ಚೇರಮನ್ನರದು. ಲ್ಯಾಬಿನ ಕೀಲಿ ರಜಾ ದಿನಾನೂ ನಿನ್ನ ಕೈಯಾಗ ಕೊಟ್ಟವ್ರು ಯಾರು? ಪ್ರಿನ್ಸಿಪಾಲರು. ಅವರಿಬ್ಬರನ್ನ ಹಾಕಿ ಸೆಕ್ರೆಟರಿಯವರನ್ನ ಬಿಟ್ಟಿ ಅಂದ್ರ ಅವರು ನಾಳಿಂದ ನನ್ನ ಮಾರಿ ನೋಡಂಗಿಲ್ಲ.” ಅವರು ಪೆನ್ನು ತೆಗೆದು ಹೆಸರು ಸೇರಿಸುತ್ತ ಹೋದರು. “ಹಿರೇರು ಮ್ಯಾಲ. ಚೇರಮನ್ನರು, ಸೆಕ್ರೆಟರಿಯವರು, ಪ್ರಿನ್ಸಿಪಾಲರು, ಆಮ್ಯಾಲ ನಾನು. ಕಡೀಕ ನೀನು.”

“ಸರ್, ಇದು ಲಗ್ನಪತ್ರಿಕಿ ಅಲ್ರಿ.”

“ಯಾಕ ಅಲ್ಲ? ನಿಮ್ಮ ಅಕ್ಕನ ಲಗ್ನಪತ್ರಿಕ್ಯಾಗ ನಿಮ್ಮ ದೊಡ್ಡಪ್ಪನ ಹೆಸರ ಕೆಳಗ ಹಾಕಿದ್ರ ಲಗ್ನಕ್ಕ ಬರ್ತಿದ್ರೇನ?”

“ಲಗ್ನಪತ್ರಿಕ್ಯಾಗ ಹೆಸರಿದ್ದವ್ರು ಅಕ್ಕಿಕಾಳ ಹಾಕಿ, ಉಂಡ ಹೋಗ್ತಾರ್ರಿ. ಇಲ್ಲಿ ಹೆಸರಿದ್ದವ್ರು ಹೇಳಿದ್ದಕ್ಕ ಜವಾಬ್ದಾರಿ ಹೊರಬೇಕ. ಕೆಲಸ ಮಾಡಲಾರದವ್ರು ಹೆಂಗ ಹೊರ್ತಾರ? ಹೊರ್ತಾರ ಅಂದ್ರ ಕೆಲಸ ಮಾಡೂದ ಯಾಕ ಬೇಕ?”

ಸರ್ ನಕ್ಕರು. “ಎರಡನೇ ವಾಕ್ಯದಾಗs ಗೆದ್ದಿ. ಮುಂದಿಂದ ಹೆಚ್ಚಾತು.” ಹಾಗೆ ಅನ್ನುತ್ತಲೇ ಐದೂ ಹೆಸರಿಗೆ ಡಿಗ್ರಿ, ಹುದ್ದೆ, ಊರು ಸೇರಿಸಿ ಬರೆದು ಮುಗಿಸಿದರು. ಗೆದ್ದದ್ದು ನಾನು, ಪಟ್ಟಿ ಅವರದಾಯಿತು. ವೇದಿಕೆಯಲ್ಲಿ ತೀರ್ಪುಗಾರರು ಇರುತ್ತಾರೆ. ವಿಭಾಗದ ಕೋಣೆಯಲ್ಲಿ ಎದುರಾಳಿಯೇ ತೀರ್ಪುಗಾರ. ಇಷ್ಟು ಸರಳ ಸಂಗತಿಯನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಅವರು ಕೆಳಗೆ ಇಳಿದು ನನ್ನ ಮಾತನ್ನು ಓದಿದರು. ನಗು ಹೋಯಿತು.

“ಇದನ್ನ ಸ್ವಲ್ಪ ಮೆತ್ತಗ ಮಾಡ. ‘ಇನ್ನೂ ಹೆಚ್ಚಿನ ಅಧ್ಯಯನ ಅಗತ್ಯ’ ಅಂತ ಬರದ ಬಿಡ. ಯಾರಿಗೂ ನೋವಾಗಂಗಿಲ್ಲ.”

“ಹಂಗ ಬರದ್ರ ನಾ ಏನೂ ಹೇಳಿದಂಗs ಆಗಂಗಿಲ್ರಿ.”

“ನೀ ಒಪ್ಪಲಾರದ್ದನ್ನ ಎಷ್ಟ ಮಾತಾಡಿ ಎಷ್ಟ ಢಾಲ ತಂದಿಲ್ಲ? ಆವಾಗ ಬಾಯಿ ನೋಯಲಿಲ್ಲ. ಈಗ ಒಂದ ಸಾಲ ಬರಿಯಾಕ ಕೈ ನೋಯತೈತೇನು?”

ಅವರು ಕಟ್ಟಿಕೊಟ್ಟ ವಾದದ ಮನೆಯಲ್ಲೇ ಇಷ್ಟು ವರ್ಷ ಇದ್ದವಳು, ಅದರ ಬಾಗಿಲು ಒಳಗಿನಿಂದ ತೆರೆಯುವುದಿಲ್ಲವೆಂದು ಆ ಹೊತ್ತು ನೋಡಿದೆ. ನನ್ನ ಮುಖ ಕಂಡು ಅವರಿಗೇ ಕನಿಕರ ಬಂದಿರಬೇಕು. “ಹೆಸರ ನಾ ಹೇಳಿದಂಗ ಇರಲಿ. ಆ ಸಾಲಿನ ವಿಚಾರ ಆಮ್ಯಾಲ ನೋಡೂಣು,” ಎಂದು ಕರಡನ್ನು ಕೈಗಿಟ್ಟರು. ಆಮೇಲೆ ಎನ್ನುವುದು ಬರಲಿಲ್ಲ. ಪ್ರಾಯೋಗಿಕ ಪರೀಕ್ಷೆಗಳು ಬಂದವು, ಅವು ಮುಗಿಯುವಷ್ಟರಲ್ಲಿ ಸಾರಾಂಶ ಕಳಿಸುವ ಕೊನೆಯ ದಿನ ಬಂದಿತು.

ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಇತ್ತು, ಇಂಟರ್‌ನೆಟ್ ಇರಲಿಲ್ಲ. ಅಲ್ಲಿ ಟೈಪು ಮಾಡಿದ್ದನ್ನು ಫ್ಲಾಪಿಗೆ ಹಾಕಿಕೊಂಡು ನಾನು ಗೋಕಾಕಕ್ಕೆ ಬಂದೆ. ಸೈಬರ್ ಕೆಫೆಯಲ್ಲಿ ಕುಳಿತು ಪುಟ ತೆರೆಯುವುದನ್ನು ಕಾಯುತ್ತಿರುವಾಗಲೇ ಕರೆಂಟು ಹೋಯಿತು. ಕೆಫೆಯವರು ಮೇಣದಬತ್ತಿಯನ್ನೂ ಹುಡುಕಲಿಲ್ಲ, ಬಾಗಿಲಿಗೆ ಬಂದು ನಿಂತರು. “ಇನ್ನ ಸಂಜೀ ಮಟಾ ಇಲ್ರಿ ಅಕ್ಕಾರ. ಇವತ್ತ ನಮ್ಮ ಪಾಳಿ ಇದು. ಹುಕ್ಕೇರ್ಯಾಗ ಇರತೈತಿ, ಅವರದ ಮುಂಜಾನೆ ಹೋಗಿ ಬಂದೈತಿ.” ಒಂದೂರಿಗೆ ಕತ್ತಲಾದರೆ ಇನ್ನೊಂದೂರಿಗೆ ಬೆಳಕು ಎಂಬ ಲೋಡ್‌ಶೆಡ್ಡಿಂಗಿನ ಈ ಪಂಚಾಂಗ ಆಗ ಎಲ್ಲರ ಬಾಯಲ್ಲೂ ಇರುತ್ತಿತ್ತು. ಸಂಜೆಗೆ ವೆಬ್‌ಸೈಟು ಮುಚ್ಚುವುದಿತ್ತು. ನಾನು ಹುಕ್ಕೇರಿಯ ಬಸ್ಸು ಹತ್ತಿದೆ.

ಹುಕ್ಕೇರಿ ಬಸ್‌ಸ್ಟ್ಯಾಂಡಿನ ಬಾಜೂ ಮೊದಲು ಟೈಪಿಂಗ್ ಕಲಿಸುತ್ತಿದ್ದ ಕಾಕಾ ಒಬ್ಬರು ಕೆಫೆ ಮಾಡಿದ್ದರು. ಹಳೆಯ ಟೈಪ್‌ರೈಟರುಗಳು ಗೋಡೆಗುಂಟ ಬಟ್ಟೆ ಹೊದ್ದುಕೊಂಡು ಕುಳಿತಿದ್ದವು, ಅವುಗಳ ಎದುರು ಕಂಪ್ಯೂಟರುಗಳು. ಪುಟ ತೆರೆಯಿತು. ನಾನು ಫ್ಲಾಪಿಯಿಂದ ಎತ್ತಿ ದೊಡ್ಡ ಚೌಕದೊಳಗೆ ಇಳಿಸಿ ಮುಂದಿನ ಗುಂಡಿ ಒತ್ತಿದೆ. ಕೆಂಪು ಅಕ್ಷರ ಬಂದಿತು: ಶೀರ್ಷಿಕೆ, ಲೇಖಕರು, ಅವರ ವಿವರ ಎಲ್ಲ ಸೇರಿ ಇನ್ನೂರೈವತ್ತು ಪದ ದಾಟಬಾರದು. ನಾನು ಬರೆದ ಸಾರಾಂಶವಷ್ಟೇ ಆಗಿದ್ದರೆ ಸುಖವಾಗಿ ಹಿಡಿಸುತ್ತಿತ್ತು. ಅದರ ತಲೆಯ ಮೇಲೆ ಆಡಳಿತ ಮಂಡಳಿ ಕುಳಿತಿತ್ತು.

ಕಾಕಾ ನನ್ನ ಹೆಗಲ ಹಿಂದಿನಿಂದ ಇಣುಕಿದರು. “ಏನ್ರಿ ಇದು, ಸೊಸಾಯ್ಟಿ ಇಲೆಕ್ಷನ್ನಿನ ಪ್ಯಾನಲ್ಲೇನ್ರಿ?”

“ಅಲ್ರಿ ಕಾಕಾ, ಸಂಶೋಧನೆ ಮಾಡಿದವ್ರ ಹೆಸರು.”

“ಇಷ್ಟ ಮಂದಿ ಕೂಡಿ ಏನ ಕಂಡ ಹಿಡದ್ರಿ?”

“ಹೊಲ ಸವಳಾಗೇತಿ ಅಂತ.”

“ಅದನ್ನ ಕಂಡ ಹಿಡ್ಯಾಕ ಚೇರಮನ್ನರು ಬೇಕಾತೇನ್ರಿ?” ಎಂದು ಅವರು ಬೇರೆ ಗಿರಾಕಿಯ ಕಡೆ ಹೋದರು.

ಪಕ್ಕದ ಎಸ್.ಟಿ.ಡಿ. ಬೂತಿನಿಂದ ಕಾಲೇಜಿಗೆ ಫೋನು ಮಾಡಿದೆ. ಸರ್ ಸಿಕ್ಕರು.

“ಸರ್, ಪದ ಹೆಚ್ಚಾಗ್ಯಾವ್ರಿ. ಪುಟ ಮುಂದ ಹೋಗವಲ್ದು.”

“ಹೆಸರ ಮುಟ್ಟಬ್ಯಾಡ.”

“ಮ್ಯಾಲಿನ ಭಾಗನs ಭಾಳ ಐತ್ರಿ.”

“ಕೆಳಗಿಂದ ತಗಿ ಹಂಗಾದ್ರ.”

“ಕೆಳಗ ಇರೂದು ಫಲಿತಾಂಶ ರೀ!”

“ಅದನ್ನ ಪುಣಾದಾಗ ಹೇಳೂಣಲ್ಲ. ಈಗs ಎಲ್ಲಾ ಹೇಳಿದ್ರ ಅಲ್ಲಿ ಯಾರ ಕೇಳ್ತಾರ? ಸ್ವಲ್ಪ ಕುತೂಹಲ ಇರಲಿ.”

ಮೇಲಿನವರು ಕುಳಿತುಕೊಳ್ಳಲಿ, ಕೆಳಗಿನದು ಜಾಗ ಬಿಡಲಿ. ವಾಪಸ್ಸು ಬಂದು ಪರದೆಯ ಮುಂದೆ ಕುಳಿತಾಗ ಆ ಚೌಕವೇ ನನ್ನ ಕಾಲೇಜಿನಷ್ಟು ಇಕ್ಕಟ್ಟಾಗಿ ಕಂಡಿತು. ಸರ್ ಹೆಸರು ಮುಟ್ಟಬೇಡವೆಂದಿದ್ದರು. ಡಿಗ್ರಿ ಮುಟ್ಟಬೇಡವೆಂದಿರಲಿಲ್ಲ, ಹುದ್ದೆ ಮುಟ್ಟಬೇಡವೆಂದಿರಲಿಲ್ಲ. ಎದುರಾಳಿ ಹೇಳಿದ್ದಕ್ಕಷ್ಟೇ ಬದ್ಧಳಾಗಿರಬೇಕು, ಹೇಳದೇ ಬಿಟ್ಟದ್ದೆಲ್ಲ ನಿನ್ನದು ಎಂದು ಕಲಿಸಿದವರೂ ಅವರೇ. ಶ್ರೀ ಹೋಯಿತು, ಬಿ.ಎ., ಎಲ್‌ಎಲ್.ಬಿ. ಹೋಯಿತು, ಅಧ್ಯಕ್ಷರು, ಗೌರವ ಕಾರ್ಯದರ್ಶಿಗಳು ಎಲ್ಲ ಹೋದರು, ಊರುಗಳು ಹೋದವು. ಬರೀ ಐದು ಹೆಸರು ಉಳಿದವು, ಸರ್ ಹೇಳಿದ ಕ್ರಮದಲ್ಲೇ. ನನ್ನ ಮಾತು ಬಾಲವನ್ನೂ ಮಡಿಸದೆ ಒಳಗೆ ಹಿಡಿಸಿತು. ಗುಂಡಿ ಒತ್ತಿದೆ. ಈ ಸಲ ಕೆಂಪು ಬರಲಿಲ್ಲ.

ಪುಟ ತಿರುಗಿ ತಿರುಗಿ ಕೊನೆಗೆ ಒಂದು ನಂಬರು ತೋರಿಸಿತು. ಸ್ವೀಕರಿಸಲಾಗಿದೆ, ಇನ್ನು ತಿದ್ದುವಂತಿಲ್ಲ ಎಂದಿತು. ಅದರ ಕೆಳಗೆ ಒಂದು ಸಾಲು: ಮಂಡಿಸುವವರು, ಮೊದಲ ಲೇಖಕರು. ಅದರ ಮುಂದೆ ಚೇರಮನ್ನರ ಹೆಸರು.

ಆ ಯಂತ್ರ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು ಕಟ್ಟಿದವರ ಊರಿನಲ್ಲಿ ಮೊದಲು ಬರುವ ಹೆಸರು ಕೆಲಸ ಮಾಡಿದವನದು. ನಮ್ಮ ಊರಿನಲ್ಲಿ ಮೊದಲು ಬರುವ ಹೆಸರು ಸಿಟ್ಟಾಗಬಾರದವನದು. ಮೊದಲ ಲೇಖಕರೇ ಮಂಡಿಸಬೇಕೆಂಬ ನಿಯಮ ಪುಟದ ನೆತ್ತಿಯಲ್ಲೇ ಇತ್ತು. ಸರ್ ಆ ಪುಟವನ್ನೇ ನೋಡಿರಲಿಲ್ಲ; ನಾನು ಓದಿಯೂ ಮುಂದೆ ಹೋಗಿದ್ದೆ, ಅದು ನಮಗೆ ಸಂಬಂಧಿಸಿದ್ದೆಂದು ಅನ್ನಿಸಿರಲಿಲ್ಲ. ಹಿಂದಕ್ಕೆ ಹೋಗುವ ಗುಂಡಿ ಒತ್ತಿದೆ. ಪುಟದ ಅವಧಿ ಮುಗಿದಿದೆ ಎಂದಿತು. ಕಾಕಾ ಬಂದು ಎರಡು ಸಲ ಒತ್ತಿ ನೋಡಿ, “ಹ್ವಾದದ್ದ ಹ್ವಾತ್ರಿ. ಇದು ಟೈಪ್‌ರೈಟರ್ ಅಲ್ಲ, ಬಿಳೇದ ಹಚ್ಚಿ ತಿದ್ದಾಕ,” ಎಂದರು.

ಗೋಕಾಕದ ಬಸ್ಸಿನಲ್ಲಿ ಕುಳಿತು ಇಡೀ ದಾರಿ ಅದನ್ನೇ ಯೋಚಿಸಿದೆ. ಮಾತು ಉಳಿದಿತ್ತು. ಅದನ್ನು ಹೇಳುವ ಬಾಯಿ ಹೋಗಿತ್ತು.

ಕೆಲವು ವಾರಗಳ ನಂತರ ಸಮ್ಮೇಳನದವರ ಮೇಲ್ ಬಂದಿತು. ಸಾರಾಂಶ ಒಪ್ಪಿಗೆಯಾಗಿದೆ, ವೇದಿಕೆಯ ಮೇಲೆ ಮಂಡಿಸಬೇಕು. ಡಿಗ್ರಿಗಳನ್ನು ನಾನು ತೆಗೆದುಹಾಕಿದ್ದರಿಂದ ಅವರೇ ಒಂದನ್ನು ಊಹಿಸಿಕೊಂಡು ಚೇರಮನ್ನರನ್ನು ಡಾಕ್ಟರ್ ಎಂದು ಕರೆದಿದ್ದರು. ನಾನು ಮುದ್ರಿಸಿ ತಂದ ಹಾಳೆಯನ್ನು ಸರ್ ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು, ಸಾಲು ಸಾಲು ಓದುವ ತಾಳ್ಮೆಯಿಲ್ಲದೆ, ಅದೇ ಮಧ್ಯಾಹ್ನ ಚೇರಮನ್ನರಿಗೆ ತಲುಪಿಸಿ ಬಂದರು. ಬಂದವರು ಕುರ್ಚಿಯಲ್ಲಿ ಕೂರಲಿಲ್ಲ.

“ಪುಣಾಕ್ಕ ಹೊಂಟಾರ! ಚೇರಮನ್ನರು ಖುದ್ದ ಹೊಂಟಾರ! ಭಾಷಣ ನೀ ಬರದ ಕೊಡ್ತಿ.”

“ಯಾರಾದರೂ ಪ್ರಶ್ನೆ ಕೇಳಿದ್ರ ಏನ್ರಿ?”

“ನೀ ಬಾಜೂ ನಿಂದ್ರು. ಮೆಲ್ಲಕ ಕಿವ್ಯಾಗ ಹೇಳ.”

“ಕಿವ್ಯಾಗ ಹೇಳಿ ಯಾರರ ಚರ್ಚಾ ಮಾಡ್ತಾರೇನ್ರಿ ಸರ್?”

“ನಮ್ಮ ದೇಶದಾಗ ಭಾಳ ಮಂದಿ ಹಂಗs ಮಾಡ್ತಾರ,” ಎಂದರು ಸರ್. ಅವರ ಈ ಮಾತಿಗೆ ನಾನು ಬೇಡವೆಂದರೂ ನಗು ಬಂದಿತು. ಬೇರೆಯವರ ಮಾತನ್ನು ನನ್ನ ಬಾಯಲ್ಲಿ ಆಡುತ್ತ ಬೆಳೆದಿದ್ದೆ. ಈಗ ನನ್ನ ಮಾತನ್ನು ಬೇರೆಯವರ ಬಾಯಿಗೆ ಇಡಬೇಕಾಗಿತ್ತು. ಬರೆಯಲೊಲ್ಲೆ ಎಂದರೆ ಜೂನ್ ಇತ್ತು. ಬರೆದರೆ ಅಷ್ಟು ದಿನ ಕಾದದ್ದು ಕಿವಿಮಾತಾಗಿ ಮುಗಿಯುತ್ತಿತ್ತು.

ಕೊನೆಗೆ ಭಾಷಣ ಬರೆದೆ. ಎರಡು ದಿನ ಬಿಟ್ಟು ಚೇರಮನ್ನರು ನಮ್ಮಿಬ್ಬರನ್ನೂ ತೋಟದ ಮನೆಗೆ ಕರೆಸಿದರು. ಪುಣೆಯಲ್ಲಿ ತಾವೇನು ಹೇಳಬೇಕು ಎಂಬುದನ್ನು ಕನ್ನಡದಲ್ಲಿ ಒಮ್ಮೆ ಕೇಳಬೇಕೆಂದಿದ್ದರು. ಧೋತರ, ಇಸ್ತ್ರಿ ಮಾಡಿದ ಅಂಗಿ, ಮಾತಿನಲ್ಲಿ ಬಹಳ ಸೌಜನ್ಯ. ಪಡಸಾಲೆಯಲ್ಲಿ ಚಾ ಬಂದಿತು. ಬಾಗಿಲಿನಿಂದ ನೋಡಿದರೆ ಕಬ್ಬು, ಅದರಾಚೆ ಕೆನಾಲಿನ ಏರಿ.

“ಓದ್ರಿ ಅಕ್ಕಾರ. ಒಂದೊಂದs ಸಾಲ ಓದಿ ಅರ್ಥ ಹೇಳ್ರಿ. ನಾ ಬಾಯಿಪಾಠ ಮಾಡ್ತೇನಿ.”

ಓದಿದೆ. ಮಣ್ಣು ಹೇಗೆ ತಂದೆವು, ಹೇಗೆ ಅಳೆದೆವು ಎಂಬಲ್ಲಿಯವರೆಗೆ ಅವರು ತಲೆದೂಗುತ್ತ ಕೇಳಿದರು. ಕೊನೆಯ ಸಾಲಿಗೆ ಬಂದಾಗ ಸರ್ ಕೆಮ್ಮಿದರು. ಆ ಸಾಲು ಒಳಗೇ ಇದೆಯೆಂಬುದು ಸರ್‌ಗೆ ಗೊತ್ತಾದದ್ದು ಆಗ.

“ಅಂದ್ರ ಸಾಹೇಬ್ರ, ಒಟ್ಟಿನ್ಯಾಗ ನೀರಿನ ಮಹತ್ವದ ಬಗ್ಗೆ…”

“ಸರ, ನೀವ ಚಾ ಕುಡೀರಿ. ಅಕ್ಕಾರು ಹೇಳಲಿ.”

ನಾನು ಹೇಳಿದೆ. “ನಿಮ್ಮ ಹೊಲ ಸವಳಾಗಾಕತ್ತೈತ್ರಿ. ಅದಕ್ಕ ಕಾರಣ ಗೊಬ್ಬರಲ್ಲ, ಬೀಜಲ್ಲ. ನೀರು. ಕೆನಾಲಿನ ನೀರ ಎಲ್ಲಿ ಭಾಳ ಹಾಯ್ಸೀರಿ, ಅಲ್ಲಿ ಭಾಳ ಕೆಟ್ಟೈತಿ.”

ಚೇರಮನ್ನರು ಸಿಟ್ಟಾಗಲಿಲ್ಲ. ಬಾಗಿಲಿನಾಚೆ ನೋಡಿದರು. “ಯಾವ ಪಟ್ಟಿ ಎಲ್ಲಾಕಿಂತ ಕೆಟ್ಟೈತಿ?”

“ಕೆನಾಲಿಗೆ ಹತ್ತಿದ್ದು, ತಗ್ಗಿನ ಪಟ್ಟಿರಿ.”

“ತಗ್ಗಿಗೆ ಸವಳ ತಾನs ಹರದ ಬಂದಿರಬಹುದಲ್ಲ? ನಾ ಹಾಯ್ಸಿದ್ದಕ್ಕs ಅಂತ ಹೆಂಗ ಹೇಳ್ತೀರಿ?”

“ಬಾವಿ ನೀರಿನ ಪಟ್ಟೀನೂ ತಗ್ಗs ಐತ್ರಿ. ಅದಕ್ಕ ನೀರ ಕಡಿಮಿ ಸಿಗತೈತಿ. ಅದು ಅಷ್ಟ ಕೆಟ್ಟಿಲ್ಲ.”

“ಅಲ್ಲಿ ಜ್ವಾಳ ಇರತೈತಿ, ಕಬ್ಬಲ್ಲ. ಬೆಳಿ ಬ್ಯಾರೆ ಆತಲ್ಲ?”

“ಅದಕ್ಕs ಕಬ್ಬಿದ್ದ ಪಟ್ಟಿಗೋಳನ್ನಷ್ಟs ಒಂದರ ಬಾಜೂ ಒಂದ ಇಟ್ಟ ನೋಡೇನ್ರಿ. ಅಲ್ಲೂ ಹಂಗs ಬಂದೈತಿ.”

ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಒಂದೂ ದಡ್ಡ ಪ್ರಶ್ನೆಯಲ್ಲ. ನಾನು ಕುರ್ಚಿಯ ಅಂಚಿಗೆ ಬಂದು ಕುಳಿತು ಉತ್ತರ ಕೊಡುತ್ತಿದ್ದೆ. ಪುಣೆಯಲ್ಲಿ ಹೀಗೆ ಕೇಳುವವರು ಸಿಗಬೇಕೆಂದು ಆಸೆಪಟ್ಟಿದ್ದೆನಲ್ಲ, ಅವರು ಇಲ್ಲೇ ಪಡಸಾಲೆಯಲ್ಲಿ ಕುಳಿತಿದ್ದರು. ಒಂದಷ್ಟು ಹೊತ್ತು ಜೂನ್ ಮರೆತುಹೋಗಿತ್ತು, ಸರ್ ಮರೆತುಹೋಗಿದ್ದರು.

ಕೊನೆಗೆ ಚೇರಮನ್ನರು ಚಾದ ಬಶಿ ಕೆಳಗಿಟ್ಟರು. “ಖರೆ ಐತಿ ನಿಮ್ಮ ಮಾತ.”

ನಾನು ನಕ್ಕೆನೆಂದು ಕಾಣುತ್ತದೆ.

“ಅದಕ್ಕs ಇದನ್ನ ಹೇಳಬ್ಯಾಡ್ರಿ.”

“ಯಾಕ್ರಿ?”

“ಕೆಳಗಿನ ಊರಿನವ್ರು ಪ್ರತಿ ವರ್ಷ ಕೆನಾಲ ಗೇಟಿನ ಮುಂದ ಬಂದ ನಿಂದರ್ತಾರ. ಮ್ಯಾಲಿನವ್ರು ನೀರ ಹಾಳ ಮಾಡ್ತಾರ, ಅವರ ನೀರಿನ ಪಾಳಿ ನಮಗ ಕೊಡ್ರಿ ಅಂತ. ಇಲ್ಲೀತನಕ ಅದು ಬರೇ ಬಾಯಿಮಾತು. ಇದನ್ನ ನಾನs ಪುಣಾದಾಗ ಹೇಳಿ, ಅದು ಪುಸ್ತಕದಾಗ ಬಂದ್ರ, ಬರೂ ವರ್ಷ ಅವರು ಅದನ್ನ ಕೈಯಾಗ ಹಿಡದ ಬರ್ತಾರ. ನನ್ನ ಒಬ್ಬಂದಲ್ರಿ, ಇಡೀ ಊರಿನ ಪಾಳಿ ಹೋಗತೈತಿ.”

“ನೀರ ಕಡಿಮಿ ಆದ್ರ ಹೊಲ ಉಳಿತಾವಲ್ರಿ! ನಿಮಗs ಛಲೋ ಅಲ್ಲೇನು?”

“ಹೌದ್ರಿ.”

“ಹೇಳಲಿಲ್ಲಂದ್ರ ಇನ್ನಷ್ಟ ಹೊಲ ಕೆಡತಾವ.”

“ಕೆಡತಾವ್ರಿ.”

“ಮತ್ತ?”

“ನೀವ ಹೇಳಿದ್ದೆಲ್ಲಾ ಒಪ್ಪೀನಲ್ರಿ ಅಕ್ಕಾರ. ಇನ್ನ ಯಾತರ ವಾದ?”

ಇಷ್ಟು ವರ್ಷದ ತರಬೇತಿಯಲ್ಲಿ ನಾನು ಒಪ್ಪದವರನ್ನು ಎದುರಿಸಲು ಕಲಿತಿದ್ದೆ. ಪೂರ್ತಿ ಒಪ್ಪಿಕೊಂಡು ಬೇಡವೆನ್ನುವವರ ಎದುರು ಹೇಳಬೇಕಾದದ್ದು ಏನೂ ನನ್ನ ಬಳಿ ಇರಲಿಲ್ಲ. ಸರ್ ಕಡೆ ನೋಡಿದೆ. ಅವರು ಖಾಲಿ ಕಪ್ಪಿನೊಳಗೆ ನೋಡುತ್ತಿದ್ದರು.

“ಹಂಗಾದ್ರ ಸಮ್ಮೇಳನದವ್ರಿಗೆ ಬರದ ನಿಮ್ಮ ಹೆಸರ ತಗಸ್ತೇನ್ರಿ. ಎಲ್ಲಾರ ಹೆಸರೂ ತಗಸ್ತೇನಿ. ನನ್ನ ಹೆಸರ್ಲೆ ನಾನs ಹೋಗಿ ಹೇಳ್ತೇನಿ. ಬಂದದ್ದ ನನಗ ಬರಲಿ.” ಜೂನ್ ಹೋದರೆ ಹೋಗಲಿ ಎಂದು ಆ ಕ್ಷಣಕ್ಕೆ ಅನ್ನಿಸಿದ್ದು ನಿಜ.

“ತಗೀರಿ. ಹೆಸರ ನಿಮ್ಮದs ಇಟಗೋರಿ, ನನಗೇನ ಅದರ ಆಸೆ ಇಲ್ಲ. ಆದ್ರ ಮಣ್ಣ ನಂದು. ನನ್ನ ಮಣ್ಣ ನನಗ ವಾಪಸ್ ಕೊಡ್ರಿ.”

ಚೇಷ್ಟೆ ಮಾಡುತ್ತಿದ್ದಾರೆಂದುಕೊಂಡೆ. ಮಾಡುತ್ತಿರಲಿಲ್ಲ. ಅವರ ದನಿ ಏರಲೇ ಇಲ್ಲ. ಕೇಳಿದಾಗ ಕೊಟ್ಟೆ, ಈಗ ಬೇಡವೆನ್ನುತ್ತೇನೆ, ಕೊಟ್ಟದ್ದನ್ನು ತಿರುಗಿ ಕೊಡಿ ಎಂದರು ಅಷ್ಟೇ. ಅಳೆದ ಅಂಕಿಗಳು ನನ್ನವೆಂದು ವಾದಿಸಬಹುದಿತ್ತು. ಮಣ್ಣಿಲ್ಲದ ಅಂಕಿಯನ್ನು ಯಾರು ನಂಬಬೇಕೆಂದು ನಾನೇ ತೀರ್ಪುಗಾರಳಾಗಿದ್ದರೆ ಕೇಳುತ್ತಿದ್ದೆ. ಮತ್ತೆ ಅಳೆದು ತೋರಿಸಿ ಎಂದು ಯಾರಾದರೂ ಅಂದರೆ ಮತ್ತೆ ಆ ಹೊಲಕ್ಕೆ ಕಾಲಿಡುವಂತಿರಲಿಲ್ಲ.

ಮರುದಿನ ಮುಂಜಾನೆ ಚೀಲಗಳನ್ನೆಲ್ಲ ಟಂಟಂ ಗಾಡಿಯಲ್ಲಿ ಹೇರಿಕೊಂಡು ಹೋದೆ. ಸರ್ ತಾವೂ ಬರುತ್ತೇನೆಂದು ಹತ್ತಿದರು. ಅಂದು ಚೇರಮನ್ನರ ಊರಿನ ನೀರಿನ ಪಾಳಿ. ಕೆನಾಲು ತುಂಬಿ ಹರಿಯುತ್ತಿತ್ತು, ಹೊಲಕ್ಕೆ ನೀರು ಬಿಟ್ಟಿದ್ದರು. ಚೇರಮನ್ನರು ಬದುವಿನ ಮೇಲೆ ನಿಂತಿದ್ದರು.

“ಯಾವ್ದ ಎಲ್ಲೀದ ಐತಿ, ಅಲ್ಲೇ ಹಾಕ್ರಿ. ಒಂದರಾಗೊಂದ ಕೂಡಸಬ್ಯಾಡ್ರಿ.”

ನಾನು ಒಂದೊಂದು ಚೀಲಕ್ಕೂ ಅಂಟಿಸಿದ್ದ ಚೀಟಿ ಓದಿ ಹೇಳುತ್ತ ಮುಂದೆ ನಡೆದೆ: ಕೆನಾಲಿನ ಅಂಚು, ಮೇಲಿನ ಪದರು. ಕೆನಾಲಿನ ಅಂಚು, ಕೆಳಗಿನ ಪದರು. ತಗ್ಗಿನ ಪಟ್ಟಿ. ಸರ್ ಪ್ಯಾಂಟು ಮಡಿಸಿಕೊಂಡು ಚೀಲ ಎತ್ತಿಕೊಟ್ಟರು. ಹೊಲದಲ್ಲಿದ್ದವರು ಅಲ್ಲಲ್ಲಿ ಸುರಿದರು. ಸುರಿದ ಮಣ್ಣು ಸಾಲಿನ ನೀರಿನಲ್ಲಿ ಸ್ವಲ್ಪ ಹೊತ್ತು ಗುಡ್ಡೆಯಾಗಿ ನಿಂತು, ಸುತ್ತ ಕರಗಿ, ಉಳಿದ ಹೊಲದ ಹಾಗೇ ಆಯಿತು. ದೂರದ ಬದು ಮುಟ್ಟುವಷ್ಟರಲ್ಲಿ ನನ್ನ ಸಾರಾಂಶವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಹೇಳಿ ಮುಗಿಸಿದ ಹಾಗಾಗಿತ್ತು. ಚೇರಮನ್ನರು ಹಿಂದೆ ಹಿಂದೆಯೇ ನಡೆದು ಎಲ್ಲವನ್ನೂ ಕೇಳಿಸಿಕೊಂಡರು. ಕಡೆಯಲ್ಲಿ, “ಚೀಲ ಒಯ್ರಿ. ಅವು ಕಾಲೇಜಿನವು,” ಎಂದರು.

ವಾಪಸ್ಸು ಬರುವಾಗ ಸರ್ ಮಡಿಸಿದ ಪ್ಯಾಂಟು ಇಳಿಸಿಕೊಂಡರು. ಆಮೇಲೆ, “ಛಲೋ ಉತ್ತರ ಕೊಟ್ಟಿ ನಿನ್ನೆ,” ಎಂದರು.

“ಯಾವುದಕ್ರಿ?”

“ಜ್ವಾಳದ ಪ್ರಶ್ನಾಕ್ಕ.”

ಜೂನ್‌ನಲ್ಲಿ ನನ್ನ ನೇಮಕ ಮುಂದುವರಿಯಿತು. ಸರ್ ಬರೆದು ಕೊಟ್ಟರು, ಚೇರಮನ್ನರು ಸಹಿ ಹಾಕಿದರು.

ಸಾರಾಂಶವನ್ನು ಹಿಂತೆಗೆದುಕೊಳ್ಳುವುದಕ್ಕೂ ಅದೇ ವೆಬ್‌ಸೈಟು. ಮಣ್ಣು ಸುರಿದು ಬಂದ ದಿನವೇ ಗೋಕಾಕದ ಕೆಫೆಯಲ್ಲಿ ಕುಳಿತೆ. ಅಂದು ಕರೆಂಟು ಇತ್ತು. ಕೊಟ್ಟ ನಂಬರು ತುಂಬಿ, ಹಿಂತೆಗೆದುಕೊಳ್ಳುತ್ತೇನೆ ಎಂಬುದರ ಮೇಲೆ ಒತ್ತಿದಾಗ ಒಂದು ಸಣ್ಣ ಚೌಕ ತೆರೆದು ಕಾರಣ ಕೇಳಿತು. ಖಾಲಿ ಬಿಟ್ಟು ಒತ್ತಿದೆ. ಪುಟ ಮುಂದೆ ಹೋಗಲಿಲ್ಲ. ಇಲ್ಲಿ ಪದಗಳಿಗೆ ಮಿತಿ ಇರಲಿಲ್ಲ. ಎಷ್ಟು ಬೇಕಾದರೂ ಬರೆಯಬಹುದಿತ್ತು. ಪರವಾಗಿ ಬರೆಯಬಹುದಿತ್ತು, ವಿರೋಧವಾಗಿ ಬರೆಯಬಹುದಿತ್ತು, ಎರಡಕ್ಕೂ ಢಾಲು ಬರುವ ಹಾಗೆ ಬರೆಯಬಲ್ಲವಳಾಗಿದ್ದೆ. ಕೊನೆಗೆ, ಮಾದರಿಗಳನ್ನು ಹೊಲಕ್ಕೆ ಹಿಂದಿರುಗಿಸಲಾಗಿದೆ ಎಂದು ಬರೆದು ಒತ್ತಿದೆ. ಕಾರಣ ಸಾಕಾಗಿತ್ತು. ಪುಟ ಮುಂದೆ ಹೋಯಿತು.